ಮನೆಯವರಿಂದ ದೂರವಿದ್ದು ತುಮಕೂರಿನಲ್ಲಿ ರಂಜಾನ್ ಹಬ್ಬ ಮಾಡುವುದು ಹೇಗೆ?

ಊರಿಗೆ ಹೋಗಲು ರಜೆ ಸಿಕ್ಕಿಲ್ಲ, ಗೆಳೆಯನ ಮನೆಗೆ ಹೋದರೆ ಅವರಿಗೆ ಭಾರ, ಕೋಣೆಯಲ್ಲೇ ಕುಳಿತು ಮೊಬೈಲ್‌ನಲ್ಲಿ ಮನೆಯವರ ಮುಖ ನೋಡುತ್ತಾ ಹಬ್ಬ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. 2024ರಲ್ಲಿ ನಾನು ಅದನ್ನೇ ಮಾಡಿ ಹಬ್ಬವನ್ನೇ ಕಳೆದುಕೊಂಡೆ.

ನನ್ನದು ಬಂಟ್ವಾಳ. ಕೆಲಸ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ, ವಾಸ ತುಮಕೂರಿನಲ್ಲಿ. ಆ ವರ್ಷ ಏಪ್ರಿಲ್ 9ರಂದು ಯುಗಾದಿ. ನಮಗೆ 29ನೆಯ ಉಪವಾಸ. ರಾತ್ರಿ ಉಮ್ಮ (ತಾಯಿ) ಫೋನ್ ಮಾಡಿ, ಕೇರಳದಲ್ಲಿ ಚಂದ್ರ ಕಂಡಿದೆ, ನಾಳೆಯೇ ಪೆರ್ನಾಲ್, ಅಂದರೆ ಹಬ್ಬ, ಎಂದರು. ದಕ್ಷಿಣ ಕನ್ನಡ, ಉಡುಪಿಯವರು ಕೇರಳದ ಜೊತೆಗೆ 10ರಂದೇ ಹಬ್ಬ ಮಾಡಿದರು. ತುಮಕೂರಿನಲ್ಲಿ ಹಬ್ಬ 11ಕ್ಕೆ, ಸರ್ಕಾರಿ ರಜೆಯೂ ಅಂದೇ.

ನಾನು ಎಡವಿದ್ದು ಇಲ್ಲಿ. ಉಮ್ಮನ ಹಬ್ಬವೇ ನನ್ನ ಹಬ್ಬ ಎಂದುಕೊಂಡೆ. ಮೇಲ್ವಿಚಾರಕರನ್ನು ಬೇಡಿ 10ಕ್ಕೆ ರಜೆ ಪಡೆದೆ, ಬದಲಿಗೆ 11ರಂದು ಕೆಲಸಕ್ಕೆ ಬರುತ್ತೇನೆಂದು ಒಪ್ಪಿಕೊಂಡೆ. ಹಬ್ಬಕ್ಕೆ ಮಂಡಿಪೇಟೆಯ ತನ್ನ ಮನೆಗೆ ಕರೆದಿದ್ದ ಸಹೋದ್ಯೋಗಿಗೆ 'ನಮ್ಮದು ನಾಳೆಗೇ ಮುಗಿಯುತ್ತದೆ' ಎಂದುಬಿಟ್ಟೆ. ತಿಂಗಳಿಡೀ ಅವನ ಪಕ್ಕದಲ್ಲಿ ಕುಳಿತು, ಅವರ ಮಸೀದಿಯ ಗಂಜಿ ಕುಡಿದು ಇಫ್ತಾರ್ ಮಾಡಿದವನು ನಾನು. ಅಂಥವನ ಬಾಯಿಂದ ಆ 'ನಮ್ಮದು' ಎಂಬ ಮಾತು! ಅವನು ಸರಿ ಎಂದಷ್ಟೇ ಹೇಳಿದ. ಇರುವ ಊರಿನ ಜಮಾತಿನೊಂದಿಗೆ ಉಪವಾಸ ಹಿಡಿದವನು ಅವರೊಂದಿಗೇ ಹಬ್ಬವನ್ನೂ ಮಾಡಬೇಕು ಎಂಬುದು ಇಮಾಮರನ್ನು ಒಂದು ಮಾತು ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ಕೇಳಲಿಲ್ಲ. ತಪ್ಪಿದ ಆ ಉಪವಾಸವನ್ನು ಆಮೇಲೆ ಹಿಡಿದು ತೀರಿಸಿದೆ.

10ರ ಬೆಳಗ್ಗೆ ಸ್ನಾನ ಮಾಡಿ, ಖರ್ಜೂರ ತಿಂದು, ಹೊಸ ಬಟ್ಟೆ ತೊಟ್ಟು, ಅತ್ತರ್ ಹಚ್ಚಿಕೊಂಡು ಮಸೀದಿಗೆ ಹೋದೆ. ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಬಟ್ಟೆಯನ್ನೇ ನೋಡಿದರು. ಅವರಿಗೆ ಉಪವಾಸ. ನಾಚಿಕೆಯಿಂದ ಹಿಂದಿರುಗಿದೆ. ಈದ್ ನಮಾಜನ್ನು ಒಬ್ಬರೇ ಮಾಡಲು ನಮ್ಮ ಶಾಫಿಈ ಪದ್ಧತಿಯಲ್ಲಿ ಅವಕಾಶವಿದೆ. ಕೋಣೆಯಲ್ಲಿ ನಿಂತು ನಮಾಜಿನ ಮೊದಲ ಸುತ್ತಾದ ರಕಅತ್‌ನಲ್ಲಿ ಏಳು, ಎರಡನೆಯದರಲ್ಲಿ ಐದು ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿದೆ. ಸಲಾಂ ಹೇಳಿ ತಿರುಗಿದರೆ ಅಪ್ಪಿಕೊಳ್ಳಲು ಯಾರೂ ಇಲ್ಲ. ಸಂಜೆ ಮನೆ ಮಾಲೀಕರು ಹೊಸತೊಡಕಿನ ಊಟ ಮುಗಿಸಿ, ಯುಗಾದಿ ಚಂದ್ರನನ್ನು ನೋಡಲು ಕುಟುಂಬಸಮೇತ ತಾರಸಿ ಹತ್ತಿದರು. ಪಕ್ಕದ ಬೀದಿಯ ಹುಡುಗರು ಅದೇ ಚಂದ್ರನನ್ನು ತೋರಿಸಿ ನಾಳೆ ಈದ್ ಎಂದು ಕೂಗುತ್ತಿದ್ದರು. ಮರುದಿನ ಕಾರ್ಖಾನೆಯ ಬಸ್ಸಿನ ಕಿಟಕಿಯಿಂದ, ಅಪ್ಪಂದಿರ ಬೆರಳು ಹಿಡಿದು ಈದ್ಗಾ ಮೈದಾನಕ್ಕೆ ಹೊರಟ ಮಕ್ಕಳನ್ನು ಕಂಡೆ. ಆ ನೋಟ ಇವತ್ತಿಗೂ ನೋಯಿಸುತ್ತದೆ.

ಇನ್ನು ನಿಮ್ಮ 'ಭಾರ' ಎಂಬ ಮಾತು. ಅದನ್ನು ನಾನು ಒಪ್ಪುವುದೇ ಇಲ್ಲ. ಹಬ್ಬದ ಹಾಲು-ಶಾವಿಗೆ ಪಾಯಸ ಶೀರ್ ಖುರ್ಮಾವನ್ನು ಯಾರೂ ತಲೆ ಎಣಿಸಿ ಕಾಯಿಸುವುದಿಲ್ಲ. ಭಾರವಾಗುವುದು ಊಟದ ಹೊತ್ತಿಗೆ ಬಂದು ಕೈತೊಳೆದು ಹೋಗುವವರು. ಹಿಂದಿನ ರಾತ್ರಿಯೇ ಹೋಗಿ. 2025ರಲ್ಲಿ ಕರಾವಳಿಗೂ ತುಮಕೂರಿಗೂ ಹಬ್ಬ ಮಾರ್ಚ್ 31ರಂದೇ ಬಿತ್ತು. ಬೇರೆ ಬೇರೆ ದಿನ ಬಿದ್ದಿದ್ದರೂ ನಾನು ಇಲ್ಲಿಯವರ ಜೊತೆಗೇ ಇರುತ್ತಿದ್ದೆ. ಹಿಂದಿನ ರಾತ್ರಿ ಅದೇ ಗೆಳೆಯನ ಅಡುಗೆಮನೆಯಲ್ಲಿ ಕುಳಿತು ಬಾದಾಮಿ ಸಿಪ್ಪೆ ಸುಲಿದೆ, ಖರ್ಜೂರ ಹೆಚ್ಚಿದೆ. ಹಬ್ಬದ ದಾನವಾದ ಫಿತ್ರಾವನ್ನು ಈದ್ ನಮಾಜಿಗೆ ಮೊದಲೇ ಕೊಡಬೇಕಲ್ಲವೇ? ಊರಿಗೆ ಕಳುಹಿಸದೆ ಈ ಬೀದಿಯ ಬಡವರಿಗೇ ಕೊಟ್ಟೆ. ನೀವೂ ಹಾಗೆಯೇ ಮಾಡಿ. ಇಲ್ಲಿಯವರು ಹನಫಿ ಪದ್ಧತಿಯವರು, ಹೆಚ್ಚುವರಿ ತಕ್ಬೀರ್ ಮೂರು ಮತ್ತು ಮೂರು. ನಾನು ಎಣಿಸದೆ ಇಮಾಮರನ್ನು ಹಿಂಬಾಲಿಸಿದೆ.

ಉಮ್ಮನಿಗೆ ಫೋನ್ ಮಾಡಿದ್ದು ನಮಾಜು, ಅಪ್ಪುಗೆ ಎಲ್ಲ ಮುಗಿದ ಮೇಲೆ. ಫೋನನ್ನು ಗೆಳೆಯನ ತಾಯಿಯ ಕೈಗೆ ಕೊಟ್ಟೆ. ಒಬ್ಬರಿಗೆ ಬ್ಯಾರಿ, ಒಬ್ಬರಿಗೆ ಉರ್ದು. ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡಿದರು. ಆಮೇಲೆ ಆ ತಾಯಿ ನನ್ನ ಮುಂದೆ ಶೀರ್ ಖುರ್ಮಾದ ಎರಡು ಬಟ್ಟಲು ತಂದಿಟ್ಟು, ಒಂದನ್ನು ತೋರಿಸಿ ಹೇಳಿದರು: 'ಇದು ಹೋದ ವರ್ಷದ್ದು.'