ಆರು ತಿಂಗಳಿಗೊಂದು ಬಿಡುಗಡೆ, ಮೂರು ವರ್ಷ ಬೆಂಬಲ: ಸಣ್ಣ ತಂಡಕ್ಕೆ ಆಗುತ್ತಾ?

ನಿಮ್ಮ ಲಿನಕ್ಸ್ ಡಿಸ್ಟ್ರೋಗೆ (ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್‌ಗೆ) ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಮೂರು ವರ್ಷ ಬೆಂಬಲ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೂರನೇ ವರ್ಷದ ಹೊತ್ತಿಗೆ ಆರು ಆವೃತ್ತಿಗಳು ಒಟ್ಟಿಗೆ ಚಾಲ್ತಿಯಲ್ಲಿರುತ್ತವೆ. ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಒಂದು ಭದ್ರತಾ ಲೋಪ ಸಿಕ್ಕರೆ ಅದನ್ನು ಸರಿಪಡಿಸುವ ಒಂದೇ ಪ್ಯಾಚನ್ನು ಆರು ಕಡೆ ಹೊಂದಿಸಿ, ಆರು ಸಲ ಬಿಲ್ಡ್ ಮಾಡಿ, ಆರು ಸಲ ಪರೀಕ್ಷಿಸಬೇಕು. ನಾಲ್ಕೈದು ಜನರ ತಂಡ ಇದರಲ್ಲೇ ಸುಸ್ತಾಗುತ್ತದೆ.

ಬಹಳ ಜನ ಬಳಸುವ ಉಬುಂಟು ಡಿಸ್ಟ್ರೋ ಕೂಡ ಹಾಗೆ ಮಾಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ, ನಡುವೆ ಆರು ತಿಂಗಳಿಗೊಮ್ಮೆ ಬರುವವಕ್ಕೆ ಬರೀ 9 ತಿಂಗಳು. ಮುಂದಿನದು ಬಂದ ಮೇಲೂ ಬದಲಾಯಿಸಿಕೊಳ್ಳಲು 3 ತಿಂಗಳು ಸಿಗುತ್ತದೆ, ಅಲ್ವಾ? ಹೀಗೆ ಬದಲಾಯಿಸಿಕೊಳ್ಳಲು ಒಂದಿಷ್ಟು ಸಮಯವನ್ನು ಮಾತ್ರ ನೀವೂ ಉಳಿಸಿಕೊಳ್ಳಿ.

ಎರಡು ವರ್ಷಕ್ಕೊಂದು ಬಿಡುಗಡೆ, ಮೂರು ವರ್ಷ ಬೆಂಬಲ ಇಟ್ಟುಕೊಳ್ಳಿ. ಆಗ ಯಾವ ಕಾಲಕ್ಕೂ ಎರಡಕ್ಕಿಂತ ಜಾಸ್ತಿ ಆವೃತ್ತಿ ಕೈಯಲ್ಲಿರುವುದಿಲ್ಲ. ಬೆಂಬಲ ಮುಗಿಯುವ ತಿಂಗಳನ್ನು ಬಿಡುಗಡೆಯ ದಿನವೇ ತಿಳಿಸಿಬಿಡಿ.