ಬುಧವಾರ ಗೊತ್ತಾದದ್ದನ್ನು ಶುಕ್ರವಾರ ಹೇಳುವವರಿಗೆ

ಉದ್ಯೋಗದ ಬಗ್ಗೆ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಉತ್ತರ ಕೊಟ್ಟ ಮೇಲೂ ಬರುತ್ತಿವೆ. ಕೊಟ್ಟ ಉತ್ತರ ರುಚಿಸಲಿಲ್ಲವೋ ಏನೋ. ಈ ಸಲದ್ದೂ ರುಚಿಸುವ ಭರವಸೆಯಿಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಮೇಲ್‌ಗೆ ಉತ್ತರಿಸುವುದು, ಸಹೋದ್ಯೋಗಿಯ ಬೆನ್ನ ಹಿಂದೆ ಆಡಿಕೊಳ್ಳದಿರುವುದು ಇವನ್ನೆಲ್ಲ ನಾನು ಹೇಳಿಕೊಡುವುದಿಲ್ಲ. ಅವು ಮನೆಯಲ್ಲೇ ಕಲಿತು ಬರಬೇಕಾದವು.

ಪ್ರಶ್ನೆ: ಮೇಡಂ, ನಾನು ಪಣಂಬೂರಿನ ಒಂದು ಕ್ಲಿಯರಿಂಗ್ ಏಜೆನ್ಸಿಯ ದಾಖಲೆ ವಿಭಾಗದಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ರಾತ್ರಿ ಎಂಟೂವರೆಯವರೆಗೆ ಕೂರುತ್ತೇನೆ, ರಜೆ ಹಾಕುವುದು ಅಪರೂಪ. ನನಗಿಂತ ತಡವಾಗಿ ಸೇರಿದ ಸಹೋದ್ಯೋಗಿ ಐದೂವರೆಗೆ ಸುರತ್ಕಲ್ ಬಸ್ ಹತ್ತುತ್ತಾರೆ. ಬಡ್ತಿ ಅವರಿಗೆ ಸಿಕ್ಕಿತು! ನನ್ನಲ್ಲಿ ತಂಡದ ಮನೋಭಾವ ಕಡಿಮೆಯಂತೆ. ಒಮ್ಮೆ ಕಾಫಿ ಕಂಟೇನರ್ ಒಂದಕ್ಕೆ ಹಡಗು ತಪ್ಪಿದ್ದನ್ನೇ ಮ್ಯಾನೇಜರ್ ಎತ್ತಿ ಎತ್ತಿ ಆಡುತ್ತಾರೆ. ಅದು ರಫ್ತುದಾರರ ತಪ್ಪು. ಇನ್‌ವಾಯ್ಸ್‌ನಲ್ಲಿ ತೂಕ ತಪ್ಪಾಗಿರುವುದನ್ನು ಬುಧವಾರ ಕಂಡುಹಿಡಿದವನೇ ನಾನು. ಎರಡು ದಿನ ಅವರ ಬೆನ್ನು ಬಿದ್ದೆ. ಕೈಮೀರಿದಾಗ ಶುಕ್ರವಾರ ಸಂಜೆ ಮ್ಯಾನೇಜರ್‌ಗೆ ತಿಳಿಸಿದೆ. ತಂಡದ ಮನೋಭಾವ ಬೆಳೆಸಿಕೊಳ್ಳಲು ಯಾವ ಕೋರ್ಸ್ ಮಾಡಬೇಕು?

ಉತ್ತರ: ಯಾವ ಕೋರ್ಸೂ ಬೇಡ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ. ಬುಧವಾರ ಗೊತ್ತಾಯಿತು, ಶುಕ್ರವಾರ ಸಂಜೆ ತಿಳಿಸಿದೆ ಎಂದು ನೀವೇ ಬರೆದಿದ್ದೀರಿ. ನಡುವೆ ನೀವು ಪಟ್ಟ ಪಾಡೆಲ್ಲ ನಿಮಗೆ ನೆನಪಿದೆ. ಮ್ಯಾನೇಜರ್‌ಗೆ ಆ ಎರಡು ದಿನ ಇರಲೇ ಇಲ್ಲ, ಶುಕ್ರವಾರ ಸಂಜೆ ಮಾತ್ರ ಇತ್ತು.

ಈ ಕೆಲಸದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ರಫ್ತುದಾರರ ಪರವಾಗಿ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವುದು ಕ್ಲಿಯರಿಂಗ್ ಏಜೆನ್ಸಿಯ ಕೆಲಸ. ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ನವಮಂಗಳೂರು ಬಂದರಿಗೆ ಬರುತ್ತದೆ. ಇಪ್ಪತ್ತು ಅಡಿಯ ಕಂಟೇನರ್‌ಗೆ 60 ಕಿಲೋದ 320 ಚೀಲ ತುಂಬಿದರೆ 19,200 ಕಿಲೋ. ಇನ್‌ವಾಯ್ಸ್ ಬೆರಳಚ್ಚು ಮಾಡಿದವರು ಎರಡು ಅಂಕಿಗಳನ್ನು ಅದಲುಬದಲು ಮಾಡಿ 19,020 ಎಂದು ಹೊಡೆದರೆ ಸಾಕು, ಪ್ಯಾಕಿಂಗ್ ಲಿಸ್ಟ್ ಒಂದು ಹೇಳುತ್ತದೆ, ಇನ್‌ವಾಯ್ಸ್ ಇನ್ನೊಂದು ಹೇಳುತ್ತದೆ. ಇವೆರಡೂ ತಾಳೆಯಾಗದೆ ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿನ ಘೋಷಣಾ ಪತ್ರ, ಸಲ್ಲಿಸುವಂತಿಲ್ಲ. ಅದಿಲ್ಲದೆ ಕಂಟೇನರ್ ಹಡಗು ಹತ್ತುವುದಿಲ್ಲ. ಹಡಗಂತೂ ಯಾರಿಗೂ ಕಾಯುವುದಿಲ್ಲ.

ಬುಧವಾರ ಮಧ್ಯಾಹ್ನ ನಿಮ್ಮ ಮ್ಯಾನೇಜರ್‌ಗೆ ವಿಷಯ ತಿಳಿದಿದ್ದರೆ ಅವರು ಏನೇನು ಮಾಡಬಹುದಿತ್ತು? ರಫ್ತುದಾರರ ಕಚೇರಿಯ ಗುಮಾಸ್ತರನ್ನು ಬಿಟ್ಟು ಅಲ್ಲಿನ ಮ್ಯಾನೇಜರ್ ಜೊತೆ ನೇರವಾಗಿ ಮಾತನಾಡಬಹುದಿತ್ತು. ಟ್ರೈಲರ್ ತಡೆದು ನಿಲ್ಲಿಸಬಹುದಿತ್ತು. ಹಡಗು ಕಂಪನಿಯವರಿಗೆ ಮೊದಲೇ ಹೇಳಿ ಮುಂದಿನ ಹಡಗಿನಲ್ಲಿ ಜಾಗ ಕೇಳಬಹುದಿತ್ತು. ಶುಕ್ರವಾರ ಸಂಜೆಗೆ ಅವರ ಪಾಲಿಗೆ ಉಳಿದದ್ದು ಕ್ಷಮೆ ಕೇಳುವ ಫೋನ್ ಕರೆ ಮಾತ್ರ. ತಪ್ಪು ಕಂಡುಹಿಡಿದದ್ದು ನೀವೇ, ಒಪ್ಪಿದೆ. ಆದರೆ ಕಂಡುಹಿಡಿದದ್ದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದಿರಿ.

ಏಕೆ ಹೀಗಾಗುತ್ತದೆಂದು ನನಗೆ ಗೊತ್ತು, ಇದು ನಿಮ್ಮೊಬ್ಬರ ರೋಗವೂ ಅಲ್ಲ. ಪಿಯುಸಿ ಫಲಿತಾಂಶದಲ್ಲಿ ಮೊದಲ ಸ್ಥಾನಕ್ಕೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಪೈಪೋಟಿ ನಡೆಸುತ್ತವೆ. ಹನ್ನೆರಡು ವರ್ಷ ನಮ್ಮ ಮಕ್ಕಳಿಗೆ ಕಲಿಸುವುದು ಒಂದೇ: ನಿನ್ನ ಉತ್ತರ ಪತ್ರಿಕೆ ನಿನ್ನದು, ಪಕ್ಕಕ್ಕೆ ನೋಡಬೇಡ, ಬಾರದಿದ್ದರೆ ಬಾಯಿಮುಚ್ಚಿ ಕುಳಿತುಕೋ, ಗಂಟೆ ಹೊಡೆಯುವವರೆಗೆ ಬರೆಯುತ್ತಿರು. ಪರೀಕ್ಷೆಗೆ ಅದು ಸರಿ. ಅದೇ ಹುಡುಗ ಕಚೇರಿಗೆ ಬಂದು ಕಂಟೇನರ್‌ನ ಕೆಲಸವನ್ನೂ ಪರೀಕ್ಷೆಯ ಹಾಗೆಯೇ ಮಾಡುತ್ತಾನೆ. ಯಾರನ್ನೂ ಕೇಳದೆ ಒಬ್ಬನೇ ಬಗೆಹರಿಸಿದರೆ ಹೆಚ್ಚು ಅಂಕ ಎಂದುಕೊಳ್ಳುತ್ತಾನೆ. ಗಂಟೆ ಹೊಡೆದಾಗ ಖಾಲಿ ಹಾಳೆ ಕೊಡುತ್ತಾನೆ. ನಿಮ್ಮ ಎಂಟೂವರೆ ಗಂಟೆಯೂ ಇದೇ ಲೆಕ್ಕದ್ದು ಎಂಬುದು ನನ್ನ ಅನುಮಾನ.

ತಂಡದ ಕೆಲಸವೆಂದರೆ ಯಕ್ಷಗಾನದ ಹಿಮ್ಮೇಳ ಇದ್ದಂತೆ ಎಂದು ನಮ್ಮ ತರಬೇತುದಾರರು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಸಿಟ್ಟು ಬರುತ್ತದೆ. ರಂಗಸ್ಥಳದಲ್ಲಿ ಮದ್ದಳೆಯ ತಾಳ ತಪ್ಪಿದರೆ ಭಾಗವತರಿಗೂ ವೇಷಧಾರಿಗೂ ಆ ಕ್ಷಣವೇ ಕೇಳುತ್ತದೆ, ಎದುರು ಕುಳಿತ ಅಜ್ಜನಿಗೂ ಕೇಳುತ್ತದೆ. ಯಾರೂ ಯಾರಿಗೂ ವರದಿ ಕೊಡಬೇಕಾಗಿಲ್ಲ. ಕಚೇರಿಯಲ್ಲಿ ತಪ್ಪಿದ ತಾಳ ಯಾರಿಗೂ ಕೇಳುವುದಿಲ್ಲ. ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರ್‌ನಲ್ಲಿ ಎರಡು ದಿನ ಸದ್ದಿಲ್ಲದೆ ಕುಳಿತಿರುತ್ತದೆ. ಬಾಯಿಬಿಟ್ಟು ಹೇಳುವ ಅಗತ್ಯ ಇರುವುದೇ ಅದಕ್ಕಾಗಿ.

ಹೇಗೆ ಹೇಳುವುದು ಎಂದು ಕೇಳುತ್ತೀರಿ. ಬುಧವಾರ ಮಧ್ಯಾಹ್ನ ನೀವು ಕಳುಹಿಸಬೇಕಾಗಿದ್ದ ಸಂದೇಶ ಇದು:

“ಸರ್, ಕಾಫಿ ಕಂಟೇನರ್‌ನ ಇನ್‌ವಾಯ್ಸ್‌ನಲ್ಲಿ ನಿವ್ವಳ ತೂಕ 19,020 ಕಿಲೋ, ಪ್ಯಾಕಿಂಗ್ ಲಿಸ್ಟ್‌ನಲ್ಲಿ 19,200. ಶಿಪ್ಪಿಂಗ್ ಬಿಲ್ ಸಲ್ಲಿಸಿಲ್ಲ. ರಫ್ತುದಾರರಿಗೆ ಮೇಲ್ ಹಾಕಿ ಫೋನ್ ಕೂಡ ಮಾಡಿದ್ದೇನೆ. ತಿದ್ದಿದ ಇನ್‌ವಾಯ್ಸ್ ನಾಳೆ ಹನ್ನೊಂದರೊಳಗೆ ಬಾರದಿದ್ದರೆ ಶುಕ್ರವಾರದ ಗಡುವು ತಪ್ಪಬಹುದು. ಅವರ ಮ್ಯಾನೇಜರ್ ಜೊತೆ ನೀವೊಮ್ಮೆ ಮಾತನಾಡಿದರೆ ಒಳ್ಳೆಯದು. ನಾಳೆ ಹನ್ನೊಂದಕ್ಕೆ ಮತ್ತೆ ತಿಳಿಸುತ್ತೇನೆ.”

ಇದರಲ್ಲಿ ಅಳಲು ಇಲ್ಲ, ಯಾರ ಮೇಲೂ ದೂರಿಲ್ಲ, ‘ಸ್ವಲ್ಪ ಸಮಸ್ಯೆ ಆಗಿದೆ ಸರ್’ ಎಂಬ ಗೋಳೂ ಇಲ್ಲ. ಎರಡು ಅಂಕಿಗಳಿವೆ. ಎಲ್ಲಿಯವರೆಗೆ ಕಾಯಬಹುದು ಎಂಬುದಿದೆ. ಓದಿದವರು ಏನು ಮಾಡಬೇಕೆಂಬುದಿದೆ. ಕೊನೆಯ ವಾಕ್ಯವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಮುಂದಿನ ಸುದ್ದಿ ಎಷ್ಟು ಗಂಟೆಗೆ ಎಂದು ಹೇಳಿಬಿಟ್ಟರೆ ಮ್ಯಾನೇಜರ್ ಗಂಟೆಗೊಮ್ಮೆ ‘ಏನಾಯಿತು’ ಎಂದು ಕೇಳುವುದು ತಪ್ಪುತ್ತದೆ. ಹನ್ನೊಂದಕ್ಕೆ ಸುದ್ದಿ ಏನೂ ಇಲ್ಲದಿದ್ದರೆ ‘ಇನ್ನೂ ಬಂದಿಲ್ಲ’ ಎಂದೇ ತಿಳಿಸಿ.

ಇದನ್ನು ಇಪ್ಪತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ತಿಳಿಸಿದ್ದೆ’ ಎನ್ನಬೇಡಿ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. 1913ರಲ್ಲಿ ಆತ ಪ್ರಕಟಿಸಿದ ಲೆಕ್ಕದ ಪ್ರಕಾರ ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬರೇ ಎಳೆದಾಗ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು. ನಿಮ್ಮ ಗುಂಪಿನಲ್ಲಿ ಅಷ್ಟೂ ಉಳಿಯುವುದಿಲ್ಲ. ನೋಡಿದ ಗುರುತು ಎರಡು ನೀಲಿ ಗೆರೆಯಾಗಿ ಬರುತ್ತದೆ, ಒಬ್ಬರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಯಾರಿಂದ ಕೆಲಸ ಆಗಬೇಕೋ ಅವರ ಹೆಸರಿಗೆ ಕಳುಹಿಸಿ.

ಹಾಗೆಂದು ನಾಳೆಯಿಂದ ಪ್ರತಿಯೊಂದಕ್ಕೂ ಮ್ಯಾನೇಜರ್ ಬಾಗಿಲು ತಟ್ಟಬೇಡಿ. ಪ್ರಿಂಟರ್ ಕೆಟ್ಟದ್ದನ್ನು ವರದಿ ಮಾಡುವವರ ಕಾಟವೂ ನನಗೆ ಗೊತ್ತು. ನಿಮ್ಮ ಕೈಯಲ್ಲಿ ನಿಂತ ಕೆಲಸದಿಂದ ಇನ್ನೊಬ್ಬರ ನಾಳೆಯ ಕೆಲಸ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಬದಲಾಗುವುದಾದರೆ ಇವತ್ತೇ ಹೇಳಿ. ಇಲ್ಲವಾದರೆ ನೀವೇ ನೋಡಿಕೊಳ್ಳಿ. ಇನ್ನು ಐದೂವರೆಯ ಬಸ್ ಹತ್ತುವ ನಿಮ್ಮ ಸಹೋದ್ಯೋಗಿ ಐದೂಕಾಲಕ್ಕೆ ಏನು ಮಾಡುತ್ತಾರೆ ಎಂದು ಒಂದು ವಾರ ಗಮನಿಸಿ. ಯಾವ ಕಡತ ಎಲ್ಲಿ ನಿಂತಿದೆ ಎಂದು ನಾಲ್ಕು ಸಾಲು ಬರೆದು ಯಾರಿಗೋ ಕಳುಹಿಸಿಯೇ ಎದ್ದೇಳುತ್ತಾರೆ ಎಂಬುದು ನನ್ನ ಊಹೆ.

ಪ್ರಶ್ನೆ: ಮಣಿಪಾಲದ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹನ್ನೆರಡು ಮಂದಿಯ ತಂಡದ ಮುಖ್ಯಸ್ಥ ನಾನು. ಹುಡುಗರು ಕೊನೆ ಗಳಿಗೆಯವರೆಗೆ ಏನೂ ಹೇಳುವುದಿಲ್ಲ. ಶಿಸ್ತು ತರುವುದು ಹೇಗೆ?

ಉತ್ತರ: ಹಿಂದಿನ ಸಲ ಒಬ್ಬರು ಮೊದಲೇ ಬಂದು ಹೇಳಿದಾಗ ಎಲ್ಲರೆದುರು ನೀವು ಏನೆಂದಿರಿ? ಉತ್ತರ ಅಲ್ಲಿದೆ. ಅಮೆರಿಕದ ಸಂಶೋಧಕಿ ಎಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರುತ್ತದೆಂದು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳುತ್ತಿದ್ದರು. ಬೈಯುವ ಮುಖ್ಯಸ್ಥರಿದ್ದಲ್ಲಿ ತಪ್ಪು ಬರೆದಿಡುವ ಪುಸ್ತಕ ಶುಭ್ರವಾಗಿತ್ತು. 1996ರಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮ ತಂಡದಿಂದ ಕೆಟ್ಟ ಸುದ್ದಿ ಬರುತ್ತಿಲ್ಲ ಎಂದು ನಿಶ್ಚಿಂತೆಯಿಂದಿರಬೇಡಿ. ಮುಂದಿನ ಸಲ ಯಾರಾದರೂ ತಡವಾಗುತ್ತದೆ ಎಂದು ಮುಂಚಿತವಾಗಿ ಹೇಳಿದರೆ ಮೊದಲು ‘ಈಗ ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ಏಕೆ ತಡವಾಯಿತು ಎಂಬ ವಿಚಾರಣೆ ಕೆಲಸ ಮುಗಿದ ಮೇಲೆ ಇರಲಿ. ಮತ್ತೆ, ಅವರನ್ನು ‘ಹುಡುಗರು’ ಎನ್ನುವುದನ್ನೂ ಬಿಡಿ.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಕೈಹಿಡಿಯುತ್ತದೆ ಎಂದು ಶಿಬಿರದಲ್ಲಿ ಹೇಳಿದರು. ನನಗೆ 15ನೇ ದಿನ ತಪ್ಪಿಹೋಯಿತು. ಮೊದಲಿನಿಂದ ಶುರುಮಾಡಬೇಕೆ?

ಉತ್ತರ: ಈ 21ರ ಕಥೆಯ ಬೇರು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಮಾತು. ಶಸ್ತ್ರಚಿಕಿತ್ಸೆಯಾದವರಿಗೆ ಹೊಸ ಮುಖ ಒಗ್ಗಲು ಕನಿಷ್ಠ ಮೂರು ವಾರ ಬೇಕು ಎಂದಿದ್ದರು ಅವರು. ಶಿಬಿರದವರು ‘ಕನಿಷ್ಠ’ವನ್ನೂ ಮುಖವನ್ನೂ ಉದುರಿಸಿ 21 ಅನ್ನು ಮಾತ್ರ ಇಟ್ಟುಕೊಂಡರು. ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ನೆಲೆಯೂರಲು ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18, ಕೆಲವರಿಗೆ ಲೆಕ್ಕದ ಪ್ರಕಾರ 254. ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. 16ನೇ ದಿನದಿಂದ ಮುಂದುವರಿಸಿ. ಶಿಬಿರಕ್ಕೆ ಕೊಟ್ಟ ಹಣ ಮರೆತುಬಿಡಿ.

ಪ್ರಶ್ನೆ: ಕುಂದಾಪುರದಲ್ಲಿ ನನ್ನದು ಸಣ್ಣ ಉದ್ಯಮ. ನೌಕರರ ಬೆರಳಚ್ಚು ತೆಗೆದು ಯಾರು ತಂಡಕ್ಕೆ ಹೊಂದುತ್ತಾರೆ ಎಂದು ಹೇಳುವ ಪರೀಕ್ಷೆಯನ್ನು ಏಜೆಂಟರೊಬ್ಬರು ತಂದಿದ್ದಾರೆ. ಮಾಡಿಸಲೇ?

ಉತ್ತರ: ಬೆರಳಿನ ಗೆರೆಗಳು ಮೂಡುವುದು ತಾಯಿಯ ಗರ್ಭದಲ್ಲಿ. ತಿಜೋರಿ ಮುಟ್ಟಿದವರು ಯಾರೆಂದು ಪೊಲೀಸರಿಗೆ ಅವು ಹೇಳುತ್ತವೆ, ಯಾರು ಯಾರೊಡನೆ ಹೊಂದಿಕೊಂಡು ದುಡಿಯುತ್ತಾರೆ ಎಂದು ಹೇಳುವುದಿಲ್ಲ. ಇದು ಲ್ಯಾಪ್‌ಟಾಪ್ ಹಿಡಿದ ಹಸ್ತಸಾಮುದ್ರಿಕ. ಏಜೆಂಟರಿಗೆ ಚಹಾ ಕೊಟ್ಟು ಕಳುಹಿಸಿ. ಹದಿನಾರು ಬಗೆಯ ವ್ಯಕ್ತಿತ್ವಗಳಲ್ಲಿ ನಿಮ್ಮದು ಯಾವುದು ಎಂಬ ಆ ಹೆಸರಾಂತ ಪರೀಕ್ಷೆಯನ್ನು ನೆಚ್ಚಿಯೂ ಯಾರನ್ನೂ ನೇಮಿಸಬೇಡಿ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬಹಳ ಮಂದಿಗೆ ಬೇರೆಯೇ ಉತ್ತರ ಬರುತ್ತದೆ. ಅಭ್ಯರ್ಥಿ ಹಿಂದೆ ಕೆಲಸ ಮಾಡಿದ ಕಡೆಗೆ ಫೋನ್ ಮಾಡಿ, ಮಾಡುತ್ತಿದ್ದ ಕೆಲಸ ತಡವಾದಾಗ ತಾವಾಗಿಯೇ ಹೇಳುತ್ತಿದ್ದರೇ ಎಂದು ವಿಚಾರಿಸಿ.

ಪ್ರಶ್ನೆ: ನಾನು ಉಡುಪಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಎಲ್ಲದಕ್ಕೂ ಚೆಕ್‌ಲಿಸ್ಟ್ ಬಂದಿದೆ. ಗುರುತು ಹಾಕುವುದೇ ಒಂದು ಕೆಲಸವಾಗಿದೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಬಾಯಿಬಿಟ್ಟು ಓದಿದರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪಟ್ಟಿ ತಂದಿತು. ಕತ್ತರಿ ಇಡುವ ಮೊದಲು ಕೊಠಡಿಯಲ್ಲಿರುವವರೆಲ್ಲ ಹೆಸರು, ಕೆಲಸ ಹೇಳಿ ಪರಿಚಯಿಸಿಕೊಳ್ಳಬೇಕೆಂಬುದೂ ಅದರಲ್ಲಿದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಮುಂದೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ನೂರೊಂದು ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು. ಪಟ್ಟಿ ಜಾರಿಯಾಗಿತ್ತು, ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಜನ ಕಾಗದದ ಮೇಲೆ ಗುರುತು ಹಾಕುತ್ತಾರೆ, ಪರಸ್ಪರ ಮಾತನಾಡುವುದಿಲ್ಲ ಎಂಬುದು ನನ್ನ ತೀರ್ಮಾನ. ಒಪ್ಪದವರೂ ಇದ್ದಾರೆ. ಪಾಳಿ ಬದಲಾಗುವಾಗ ಪಟ್ಟಿಯನ್ನು ಕೈಗೆ ತುರುಕಿ ಹೊರಡಬೇಡಿ. ರೋಗಿಯ ಮಂಚದ ಬಳಿ ನಿಂತು ಓದಿ, ಬಂದವರಿಂದ ಅದನ್ನೇ ತಿರುಗಿ ಹೇಳಿಸಿಕೊಳ್ಳಿ.

ಪ್ರಶ್ನೆ: ಏಕಕಾಲಕ್ಕೆ ನಾಲ್ಕು ಕೆಲಸ ಮಾಡುವ ಕಲೆ ಹೇಗೆ?

ಉತ್ತರ: ಅಂಥ ಕಲೆಯಿಲ್ಲ.

ಪ್ರಶ್ನೆ: ಬೆಳಗ್ಗೆ ನಾಲ್ಕಕ್ಕೆ ಏಳುವವರೇ ಯಶಸ್ವಿಯಾಗುತ್ತಾರಂತೆ?

ಉತ್ತರ: ಮಲ್ಪೆ ಬಂದರಿನಲ್ಲಿ ಆ ಹೊತ್ತಿಗೆ ಬಹಳ ಮಂದಿ ಎದ್ದಿರುತ್ತಾರೆ. ಅವರನ್ನೇ ಕೇಳಿ.

ಪ್ರಶ್ನೆ: ಕಚೇರಿಯಲ್ಲಿ ಎಲ್ಲರೂ ತುಳುವಿನಲ್ಲಿ ಮಾತನಾಡುತ್ತಾರೆ. ನಾನು ಧಾರವಾಡದವಳು, ಒಂದೂ ಅರ್ಥವಾಗುವುದಿಲ್ಲ.

ಉತ್ತರ: ಊಟದ ಹೊತ್ತಿನಲ್ಲಿ ಅವರು ತುಳುವಿನಲ್ಲೇ ಮಾತನಾಡಲಿ, ನೀವೂ ನಾಲ್ಕು ಮಾತು ಕಲಿಯಿರಿ. ಕೆಲಸದ ಮಾತು ಬಂದಾಗ ‘ಕನ್ನಡದಲ್ಲಿ ಹೇಳಿ’ ಎಂದು ಸಂಕೋಚವಿಲ್ಲದೆ ಕೇಳಿ. ಇದನ್ನು ಓದುತ್ತಿರುವ ತುಳುವರೇ, ಅವರು ಕೇಳುವವರೆಗೆ ಕಾಯುವುದು ನಿಮಗೆ ಶೋಭೆಯಲ್ಲ.

ಪ್ರಶ್ನೆ: ಮನೆಯಿಂದ ಕೆಲಸ. ಊರು ಕಾರ್ಕಳದ ಹತ್ತಿರ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಬೆಂಗಳೂರಿನವರು ನಂಬುವುದಿಲ್ಲ.

ಉತ್ತರ: ಹೋದ ಮೇಲೆ ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ಜೂನ್ ಶುರುವಾಗುವ ಮೊದಲೇ ಬರೆದು ತಿಳಿಸಿ: ಇಂಥ ತಿಂಗಳುಗಳಲ್ಲಿ ಹೀಗಾಗುತ್ತದೆ, ನಾನು ಎರಡು ಗಂಟೆ ಸಿಗದಿದ್ದರೆ ಈ ಕೆಲಸ ಇವರು ನೋಡಿಕೊಳ್ಳುತ್ತಾರೆ, ಕಡತ ಇಲ್ಲಿದೆ. ‘ಇವರು’ ಯಾರೆಂದು ಮೊದಲು ಅವರನ್ನೇ ಕೇಳಿ ಒಪ್ಪಿಸಿಕೊಳ್ಳಿ.

ಪ್ರಶ್ನೆ: ರಾಜೀನಾಮೆ ಕೊಟ್ಟಿದ್ದೇನೆ. ಇನ್ನೊಂದು ತಿಂಗಳಿದೆ. ಇನ್ನು ಮೈಮುರಿದು ದುಡಿಯಬೇಕೆ?

ಉತ್ತರ: ಬೇಡ. ಕುಳಿತು ಬರೆಯಿರಿ. ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನೆಲ್ಲ ಬರೆಯಿರಿ: ಯಾವ ಗ್ರಾಹಕರಿಗೆ ಬಿಲ್ ಯಾವ ತಾರೀಖಿನೊಳಗೆ ತಲುಪಬೇಕು, ಯಾವ ಸರಬರಾಜುದಾರರಿಗೆ ಎರಡು ಸಲ ಫೋನ್ ಮಾಡಬೇಕು, ಯಾವ ಎಕ್ಸೆಲ್ ಹಾಳೆಯ ಸೂತ್ರವನ್ನು ಮುಟ್ಟಬಾರದು. ಕೊನೆಯ ವಾರ ರಜೆ ಹಾಕಬೇಡಿ. ನಿಮ್ಮ ಜಾಗಕ್ಕೆ ಬರುವವರು ಆ ವಾರ ಕೆಲಸವನ್ನು ತಾವೇ ಮಾಡಲಿ, ನೀವು ಪಕ್ಕದ ಕುರ್ಚಿಯಲ್ಲಿರಿ. ಅವರು ಎಲ್ಲೆಲ್ಲಿ ತಡವರಿಸುತ್ತಾರೋ ಆ ಜಾಗಗಳು ನಿಮ್ಮ ಟಿಪ್ಪಣಿಯಲ್ಲಿ ಬಿಟ್ಟುಹೋಗಿವೆ. ಹೊರಡುವ ಮೊದಲು ಸೇರಿಸಿ.