ಬೋರಿನ ನೀರು ಪಾಸಾದರೆ ಜಾಗ ಪಾಸಾದಂತಲ್ಲ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಹಳೆಯ ಕ್ರೋಮ್ ಪ್ಲೇಟಿಂಗ್ ಶೆಡ್ಡೊಂದನ್ನು ಕೊಳ್ಳಬೇಕೆಂದಿದ್ದೇನೆ. ಅಲ್ಲಿನ ಬೋರಿನ ನೀರು ಪರೀಕ್ಷೆಯಲ್ಲಿ ಪಾಸಾಗಿದೆ, ವರದಿಯನ್ನು ಲಗತ್ತಿಸಿದ್ದೇನೆ. ಮುಂಗಡ ಕೊಡಬಹುದೇ?

ಉತ್ತರ: ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ, ಜೊತೆಗೆ ಇಂಥದೇ ವರದಿಯೂ ಬರುತ್ತದೆ. ನಿಮ್ಮದರಲ್ಲಿ ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಇವೆ. ಪ್ಲೇಟಿಂಗ್‌ನಲ್ಲಿ ಬಳಸುವ ಕ್ರೋಮಿಯಂ, ನಿಕ್ಕೆಲ್, ಸಯನೈಡ್‌ಗಳ ಹೆಸರೇ ಇಲ್ಲ. ಹುಡುಕಬೇಕಾದುದನ್ನು ಹುಡುಕದೆ, ಸಿಗಲಿಲ್ಲವೆಂದು ಸಮಾಧಾನಪಟ್ಟರೆ ಏನು ಹೇಳಲಿ? ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಪ್ರಕಾರ ಲೀಟರಿಗೆ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ನಿಕ್ಕೆಲ್ 0.02 ಮಿಲಿಗ್ರಾಂ ಮೀರಬಾರದು. ಕ್ರೋಮಿಯಂನಿಂದ ನೀರು ಹಳದಿಯಾಗಿ ಕಾಣುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ.

ಬೆಳಗಾವಿಯ ನೆಲದಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಪದರಪದರವಾದ ಬಸಾಲ್ಟ್ ಎಂಬ ಕಪ್ಪು ಬಂಡೆ ಇದೆ. ನೀರು ಬಂಡೆಯ ಬಿರುಕು ಹಿಡಿದು ಹರಿಯುತ್ತದೆಯೇ ಹೊರತು ನಿಮ್ಮ ಕಾಂಪೌಂಡು ನೋಡಿಕೊಂಡಲ್ಲ. ಆಳದ ಬೋರು ಹಲವು ಬಿರುಕುಗಳ ನೀರನ್ನು ಒಟ್ಟಿಗೆ ಎಳೆಯುವುದರಿಂದ ಮೇಲ್ಪದರದ ವಿಷ ಅದರಲ್ಲಿ ತೆಳುವಾಗಿಬಿಟ್ಟಿರಬಹುದು. ಆದ್ದರಿಂದ ಮೊದಲು ಶೆಡ್ಡಿನ ಚರಿತ್ರೆ ಬೇಕು: ಟ್ಯಾಂಕುಗಳು ಎಲ್ಲಿದ್ದವು, ತೊಳೆದ ನೀರು ಯಾವ ಗಟಾರಕ್ಕೆ ಬೀಳುತ್ತಿತ್ತು, ಕೆಸರನ್ನು ಎಲ್ಲಿ ಹೂಳಿದರು? ಈ ವಿಷಯದಲ್ಲಿ ನಾನು ಕಡತಕ್ಕಿಂತ ಹಳೆಯ ವಾಚ್‌ಮನ್ನನನ್ನೇ ಹೆಚ್ಚು ನಂಬುತ್ತೇನೆ.

ಆ ಜಾಗಗಳ ಮಣ್ಣನ್ನು ಬೇರೆಬೇರೆ ಆಳದಿಂದ ಪ್ರತ್ಯೇಕವಾಗಿ ತೆಗೆಸಿ. ನಾಲ್ಕು ಮೂಲೆಯ ಮಣ್ಣು ಕಲಸಿ ಒಂದೇ ಪೊಟ್ಟಣ ಮಾಡುವುದು ಹೊಲದ ಗೊಬ್ಬರದ ಲೆಕ್ಕಕ್ಕೆ ಸರಿ; ಇಲ್ಲಿ ಅದು ವಿಷವನ್ನು ಮುಚ್ಚಿಡುವ ಉಪಾಯ. ಜಂಬಿಟ್ಟಿಗೆಯಲ್ಲಿ ಕ್ರೋಮಿಯಂ ಸಹಜವಾಗಿಯೂ ಇರುವುದರಿಂದ, ಕಾರ್ಖಾನೆಯ ಸೋಂಕಿಲ್ಲದ ಕಡೆಯ ಅದೇ ಬಗೆಯ ಮಣ್ಣನ್ನು ಹೋಲಿಕೆಗೆ ತೆಗೆಯಬೇಕು, ಮತ್ತು ನೀರಿನೊಡನೆ ಸುಲಭವಾಗಿ ಸಾಗುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ರೂಪವನ್ನು ಬೇರೆಯಾಗಿಯೇ ಅಳೆಸಬೇಕು. ನೀರಿನ ಮಾದರಿ ಕೆಡದಿರಲೆಂದು ಇತರ ಲೋಹಗಳ ಬಾಟಲಿಗೆ ಹಾಕುವ ಆಮ್ಲವನ್ನು ಇದರ ಬಾಟಲಿಗೂ ಹಾಕಿದರೆ ಪರೀಕ್ಷೆ ಕೆಟ್ಟಂತೆಯೇ.

ಒಂದೇ ಸಾಲಿನಲ್ಲಿಲ್ಲದ ಕನಿಷ್ಠ 3 ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ ಅಳೆದರೆ ಹರಿವಿನ ದಿಕ್ಕಿನ ಅಂದಾಜು ಸಿಗುತ್ತದೆ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆಸಿ, ಆಗಲೇ ನೀರಿನ ಮಾದರಿಯನ್ನೂ ತೆಗೆಸಿ. ಹಳೆಯ ಟ್ಯಾಂಕಿದ್ದಲ್ಲಿ ಆಳದ ಬೋರು ಮಾತ್ರ ಕೊರೆಸಬೇಡಿ, ಮೇಲಿನ ವಿಷ ಕೆಳಗಿಳಿಯಲು ನೀವೇ ದಾರಿ ಮಾಡಿಕೊಟ್ಟಂತಾದೀತು. ನಾನಾಗಿದ್ದರೆ ಎರಡೂ ಸಲದ ವರದಿ ಕೈಗೆ ಬರುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡುತ್ತಿರಲಿಲ್ಲ.

ಪ್ರಶ್ನೆ: ಕಾರ್ಖಾನೆ ಪಕ್ಕದ ನಮ್ಮ ಬಾವಿಯಲ್ಲಿ ಟಿಡಿಎಸ್ ಮೀಟರು 300 ತೋರಿಸುತ್ತದೆ, ಸಾಲದೇ? (ಬಾಗಲಕೋಟೆ)

ಉತ್ತರ: ಸಾಲದು. ಅದು ಒಟ್ಟು ಲವಣದ ಅಂದಾಜು, 0.05 ಮಿಲಿಗ್ರಾಂ ಕ್ರೋಮಿಯಂ ಅದಕ್ಕೆ ಕಾಣುವುದೇ ಇಲ್ಲ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವರು ನಮ್ಮ ಬಾವಿಯಲ್ಲಿ ದೋಷವಿಲ್ಲ ಎಂದರು. (ವಿಜಯಪುರ)

ಉತ್ತರ: ಕಾಯಿಯನ್ನು ಚಟ್ನಿಗೆ ಬಳಸಿ.

ಪ್ರಶ್ನೆ: ಸುಣ್ಣ ಚೆಲ್ಲಿ, ಮೇಲೆ ಎರಡು ಅಡಿ ಹೊಸ ಮಣ್ಣು ಹಾಕಿದರೆ ಗ್ಯಾರಂಟಿ ಎಂದು ಗುತ್ತಿಗೆದಾರರು ಹೇಳುತ್ತಾರೆ.

ಉತ್ತರ: ಸುಣ್ಣ ಹಾಕಿದರೆ ನಿಕ್ಕೆಲ್ ತುಸು ನೀರು ಬಿಟ್ಟು ಮಣ್ಣಿನಲ್ಲೇ ಕೂರಬಹುದು, ಹೆಕ್ಸಾವೇಲೆಂಟ್ ಕ್ರೋಮಿಯಂ ಕೂರುವುದಿಲ್ಲ. ಯಾವುದಕ್ಕೆ ಗ್ಯಾರಂಟಿ ಎಂದು ಅವರಿಂದ ಬರೆಸಿಕೊಳ್ಳಿ. ಬರೆದುಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.